ಬಕೆಟ್ ಎಣಿಸಿ ಆರಿಸಿದ ರೀಫ್ ಟ್ಯಾಂಕ್

ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ನೀರೊಳಗೆ ಇಳಿದು ಹವಳ ನೋಡಿ ಬಂದ ಮೇಲೆ ನನಗೆ ರೀಫ್ ಟ್ಯಾಂಕಿನ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನ ಹುಚ್ಚು ಹಿಡಿಯಿತು. ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಇಲ್ಲಿಯವರೆಗೆ ಮೂರು ಟ್ಯಾಂಕ್ ಇಟ್ಟಿದ್ದೇನೆ. ಮೊದಲನೆಯದು ತೀರ ಚಿಕ್ಕದು, ಎರಡನೆಯದು ತೀರ ದೊಡ್ಡದು. ಮೂರನೆಯದು ಈಗಲೂ ಹಾಲ್‌ನಲ್ಲಿದೆ. ಅದರ ಅಳತೆಯನ್ನು ನಾನು ಟ್ಯಾಂಕ್ ನೋಡಿ ಆರಿಸಲಿಲ್ಲ. ವಾರಕ್ಕೆ ಎಷ್ಟು ಬಕೆಟ್ ನೀರು ಹೊರಬಲ್ಲೆ ಅಂತ ಎಣಿಸಿ ಆರಿಸಿದೆ.

ಮೊದಲ ಟ್ಯಾಂಕ್ ಒಂದು ಅಡಿಯ ಚೌಕ. ಉದ್ದ, ಅಗಲ, ಎತ್ತರ ಎಲ್ಲ 12 ಇಂಚು. ತುಂಬಿದರೆ 28 ಲೀಟರ್, ಕಲ್ಲು ಮರಳು ಹಾಕಿದ ಮೇಲೆ ಉಳಿಯುವ ನೀರು ಸುಮಾರು 22 ಲೀಟರ್. ಚಿಕ್ಕದಾದರೆ ಕೆಲಸ ಕಡಿಮೆ ಅಂದುಕೊಂಡಿದ್ದೆ. ಏಪ್ರಿಲ್‌ನಲ್ಲಿ ಹಾಸನಕ್ಕೆ ಮದುವೆಗೆ ಹೋಗಿ ಮೂರನೇ ದಿನ ರಾತ್ರಿ ಮನೆಗೆ ಬಂದೆ. ನೀರು ಎರಡು ಬೆರಳಷ್ಟು ಇಳಿದಿತ್ತು. ಗಾಜಿನ ಅಂಚಿಗೆ ಬೆಳ್ಳಗೆ ಉಪ್ಪು ಕಟ್ಟಿತ್ತು. ಜೊವಾಂಥಿಡ್ ಅನ್ನುವ ಮೆದು ಹವಳಗಳೆಲ್ಲ ಮುಚ್ಚಿಕೊಂಡು ಬರೀ ಕಂದು ಗುಬುಟುಗಳ ಹಾಗೆ ಕಾಣುತ್ತಿದ್ದವು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಮೇಲೆ ಒಂದು ಹನಿ ಬಿಟ್ಟು ಟ್ಯೂಬ್‌ಲೈಟ್ ಕಡೆ ಹಿಡಿದು ನೋಡಿದೆ. ನೀಲಿ ಗೆರೆ 40ರ ಮೇಲೆ ನಿಂತಿತ್ತು. ಸಮುದ್ರದ ನೀರಿನಲ್ಲಿ ಅದು 35 ಇರಬೇಕು, ಅಂದರೆ ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು.

ಗಾಬರಿಯಲ್ಲಿ ನಾನು ಮೂರು ಲೀಟರ್ ಸಿಹಿನೀರನ್ನು ಒಂದೇ ಸಲ ಸುರಿದೆ. ಅದು ಎರಡನೇ ಪೆಟ್ಟು. ಬೆಳಿಗ್ಗೆ ಎದ್ದು ನೋಡಿದರೆ ಕ್ಲೀನರ್ ಸಿಗಡಿ ಸತ್ತಿತ್ತು. ಸಿಗಡಿಗಳಿಗೆ ಉಪ್ಪಿನಂಶ ಏಕಾಏಕಿ ಏರಿದರೂ ಆಗಲ್ಲ, ಇಳಿದರೂ ಆಗಲ್ಲ. ಆ ನೀರನ್ನು ನಾನು ಒಂದು ದಿನ ಪೂರ್ತಿ ಸ್ವಲ್ಪ ಸ್ವಲ್ಪವೇ ಸೇರಿಸಬೇಕಿತ್ತು.

ನೀರು ಆವಿಯಾಗಿ ಹೀಗೆ ಉಪ್ಪಿನಂಶ ಏರುವುದಕ್ಕೆ ಟ್ಯಾಂಕ್ ಚಿಕ್ಕದಾಗಿರುವುದೇ ಕಾರಣ ಅಂತ ತುಂಬ ಜನ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದಾಗ ನನಗೆ ಬೇರೆ ವಿಷಯ ಕಂಡಿತು. ಆವಿಯಾಗುವುದು ಮೇಲ್ಮೈಯಿಂದ. ಬೇಸಿಗೆಯಲ್ಲಿ ಫ್ಯಾನ್ ಹಾಕಿದ ದಿನ ನಮ್ಮನೆಯಲ್ಲಿ ದಿನಕ್ಕೆ ಒಂದು ಸೆಂಟಿಮೀಟರ್ ನೀರು ಇಳಿಯುತ್ತದೆ, ಟ್ಯಾಂಕ್ ಯಾವುದೇ ಆಗಲಿ. ಹಾಗಾಗಿ ಇಲ್ಲಿ ಲೀಟರ್‌ಗಿಂತ ಆಳ ಮುಖ್ಯ. 12 ಇಂಚು ಆಳದ ಟ್ಯಾಂಕಿನಲ್ಲಿ ಆ ಒಂದು ಸೆಂಟಿಮೀಟರ್ ದೊಡ್ಡ ಪಾಲು. 18 ಇಂಚಿನದರಲ್ಲಿ ಪಾಲು ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತೇನಲ್ಲ. ಎಷ್ಟು ದೊಡ್ಡ ಟ್ಯಾಂಕ್ ತಂದರೂ ದಿನಾ ಸಿಹಿನೀರು ತುಂಬುವ ಕೆಲಸ ತಪ್ಪಲ್ಲ. ಅದಕ್ಕೆ ತಾನೇ ನೀರು ತುಂಬುವ ಒಂದು ಸೆನ್ಸರ್ ಪಂಪ್ ಬೇಕೇ ಬೇಕು.

ಲೀಟರ್ ನಿಜವಾಗಿ ಸಹಾಯಕ್ಕೆ ಬರುವುದು ಬೇರೆ ಎರಡು ಕಡೆ. ಒಂದು ಬಿಸಿ. ಆ ಪುಟ್ಟ ಟ್ಯಾಂಕ್ ಬೆಳಿಗ್ಗೆ 26 ಡಿಗ್ರಿ ಇದ್ದದ್ದು ಲೈಟ್ ಹಾಕಿದ ಮೇಲೆ ಮಧ್ಯಾಹ್ನಕ್ಕೆ 29 ಆಗಿರುತ್ತಿತ್ತು. ಇನ್ನೊಂದು ಸಾವು. ಕಲ್ಲಿನ ಹಿಂದೆ ಒಂದು ಟರ್ಬೋ ಬಸವನಹುಳು ಸತ್ತು ಕೊಳೆತು, 22 ಲೀಟರ್ ನೀರಿನಲ್ಲಿ ಅಮೋನಿಯಾ ಏರಿತು. ಅದೇ ಹುಳು 100 ಲೀಟರಿನಲ್ಲಿ ಸತ್ತಿದ್ದರೆ ಪೆಟ್ಟು ಹತ್ತಿರ ಹತ್ತಿರ ಐದರಲ್ಲಿ ಒಂದು ಪಾಲಾಗುತ್ತಿತ್ತು. ನಾವು ತಪ್ಪು ಗಮನಿಸಿ ಸರಿಪಡಿಸುವಷ್ಟು ಹೊತ್ತು ದೊಡ್ಡ ನೀರು ಕಾಯುತ್ತದೆ.

ಈ ಪಾಠ ಕಲಿತವನು ಸೀದಾ ನಾಲ್ಕು ಅಡಿಗೆ ಹಾರಿದೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ, 450 ಲೀಟರ್. ಕೆಳಗೆ ಸಂಪ್. ನಾವು ಮನೆಗಳಲ್ಲಿ ಹೇಳುವ ನೆಲದೊಳಗಿನ ಸಂಪ್ ಅಲ್ಲ, ಸ್ಟ್ಯಾಂಡ್ ಒಳಗೆ ಫಿಲ್ಟರ್ ಇಡುವ ಗಾಜಿನ ತೊಟ್ಟಿ. ನೀರು, ಗಾಜು, ಕಲ್ಲು ಎಲ್ಲ ಸೇರಿ ಆರುನೂರು ಕೆಜಿ ದಾಟಿತ್ತು. ನೋಡೋಕೆ ಬಹಳ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ನೀರಿನ ಗುಣವೂ ಅಲುಗಾಡುತ್ತಿರಲಿಲ್ಲ. ದಣಿಯುತ್ತಿದ್ದದ್ದು ನಾನು. ವಾರಕ್ಕೆ ಹತ್ತು ಪರ್ಸೆಂಟ್ ನೀರು ಬದಲಾಯಿಸಬೇಕೆಂದರೆ 45 ಲೀಟರ್, ಅದಕ್ಕೆ 1.6 ಕೆಜಿ ಉಪ್ಪು. ಬೇಸಿಗೆಯಲ್ಲಿ ಆವಿಯಾಗಿದ್ದನ್ನು ತುಂಬೋಕೆ ದಿನಕ್ಕೆ ಏಳು ಲೀಟರ್ ಮೇಲೆ ಬೇಕು. ಎಲ್ಲ ಸೇರಿದರೆ ವಾರಕ್ಕೆ ಸುಮಾರು 95 ಲೀಟರ್ ಶುದ್ಧ ನೀರು.

ಆ ಶುದ್ಧ ನೀರು ನಲ್ಲಿಯಲ್ಲಿ ಬರಲ್ಲ. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿರುವ ಲವಣಗಳ ಅಳತೆ, 800 ದಾಟುತ್ತದೆ. ಅದನ್ನು ಆರ್‌ಒ ಮಾಡಿ, ಆಮೇಲೆ ಉಳಿದ ಲವಣ ಹಿಡಿಯುವ ಡಿಐ ರೆಸಿನ್ ಮೂಲಕ ಹಾಯಿಸಿ ಸೊನ್ನೆಗೆ ಇಳಿಸಬೇಕು. ನನ್ನ ಆರ್‌ಒ ಒಂದು ಲೀಟರ್ ಒಳ್ಳೆಯ ನೀರು ಕೊಡೋಕೆ ಮೂರು ಲೀಟರ್ ಹೊರಗೆ ಬಿಡುತ್ತದೆ. 95 ಲೀಟರಿಗೆ 285 ಲೀಟರ್.

2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಎಷ್ಟು ಕಷ್ಟವಾಯಿತು ಅಂತ ಇಲ್ಲಿದ್ದವರಿಗೆಲ್ಲ ನೆನಪಿದೆ. ನಮ್ಮ ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರಿಗೆ ಬಂದೆವು. ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ನೀರು. ಒಂದು ಸಂಜೆ ಬಾತ್‌ರೂಮಿನಲ್ಲಿ ಆರ್‌ಒ ಪೈಪಿನಿಂದ ನೀರು ಹರಿದುಹೋಗುತ್ತಿತ್ತು. ಹೆಂಡತಿ ಬಾಗಿಲಲ್ಲಿ ನಿಂತು, “ರೀ, ಮಕ್ಕಳ ಸ್ನಾನಕ್ಕೆ ಅರ್ಧ ಬಕೆಟ್ ಅಂತ ಅಳೆದು ಕೊಡ್ತಿದೀನಿ” ಅಂದಳು. ಅಷ್ಟೇ ಅಂದಿದ್ದು. ನಾನು ವಾಲ್ವ್ ತಿರುಗಿಸಿದೆ. ಆ ತಿಂಗಳೇ ಟ್ಯಾಂಕ್ ಮಾರಲು ನಿರ್ಧಾರ ಮಾಡಿದೆ. ಮೀನು, ಹವಳಗಳನ್ನು ಇಬ್ಬರು ಗೆಳೆಯರ ಟ್ಯಾಂಕಿಗೆ ಬಿಟ್ಟೆ. ಒಂದು ಜೋಡಿ ಕ್ಲೌನ್ ಮೀನು ಮಾತ್ರ ಇಟ್ಟುಕೊಂಡೆ.

ಮೂರನೇ ಟ್ಯಾಂಕಿಗೆ ಹಾಳೆ ಪೆನ್ನು ಹಿಡಿದು ಕೂತೆ. ಆರ್‌ಒ ಹೊರಗೆ ಬಿಡುವ ವೇಸ್ಟ್ ನೀರು ನಮ್ಮ ಮನೆಗೆ ವಾರಕ್ಕೆ ಎಷ್ಟು ಉಪಯೋಗಕ್ಕೆ ಬರುತ್ತದೆ? ನೆಲ ಒರೆಸೋಕೆ, ಟಾಯ್ಲೆಟ್‌ಗೆ ಹಾಕೋಕೆ ಲೆಕ್ಕ ಹಾಕಿದರೆ ನೂರು ಲೀಟರ್ ಆರಾಮಾಗಿ ಖರ್ಚಾಗುತ್ತದೆ. ಗಿಡಗಳಿಗೆ ನಾನು ಅದನ್ನು ಹಾಕಲ್ಲ, ಅದರಲ್ಲಿ ಲವಣ ಜಾಸ್ತಿ. ನೂರು ಲೀಟರ್ ವೇಸ್ಟ್ ಅಂದರೆ ಮೂವತ್ತು ಲೀಟರ್ ಚಿಲ್ಲರೆ ಶುದ್ಧ ನೀರು. ಅದರಲ್ಲಿ ಹತ್ತು ಲೀಟರ್ ನೀರು ಬದಲಾಯಿಸೋಕೆ, ಉಳಿದದ್ದು ಆವಿಯ ಲೆಕ್ಕಕ್ಕೆ. ಹತ್ತು ಲೀಟರ್ ಹತ್ತು ಪರ್ಸೆಂಟ್ ಆಗಬೇಕಾದರೆ ಟ್ಯಾಂಕಿನಲ್ಲಿ ನೂರು ಲೀಟರ್ ಆಸುಪಾಸು ನೀರಿರಬೇಕು. ಅಳತೆ ಹಾಗೆ ಬಂತು: ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಬರಿದಾಗಿದ್ದಾಗ 127 ಲೀಟರ್ ಹಿಡಿಯುತ್ತದೆ, ಕಲ್ಲು ಮರಳು ಹೋಗಿ 105.

ಎತ್ತರ 18 ಇಂಚಿಗೆ ನಿಲ್ಲಿಸಿದ್ದಕ್ಕೆ ಇನ್ನೊಂದು ಕಾರಣ ನನ್ನ ಕೈ. ಎರಡು ಅಡಿ ಎತ್ತರದ ಟ್ಯಾಂಕಿನಲ್ಲಿ ಮರಳಿಗೆ ಬಿದ್ದ ಒಂದು ಹವಳದ ತುಂಡು ಎತ್ತಬೇಕಾದರೆ ಸ್ಟೂಲ್ ಹತ್ತಿ, ಕಂಕುಳವರೆಗೆ ಕೈ ಇಳಿಸಬೇಕಿತ್ತು. ತೋಳೆಲ್ಲ ಉಪ್ಪು. ಅದಕ್ಕೇ ‘ನಾಳೆ ಎತ್ತೋಣ’ ಅಂತ ಬಿಡುತ್ತಿದ್ದೆ. ಹಾಗೆ ಬಿಟ್ಟದ್ದೇ ಕೊಳೆಯುತ್ತಿತ್ತು. ಈಗ ನೆಲದ ಮೇಲೆ ನಿಂತೇ ಎಲ್ಲ ಮೂಲೆಗೂ ಕೈ ಹೋಗುತ್ತದೆ. ಕಂಡ ತಕ್ಷಣ ಸರಿಮಾಡುತ್ತೇನೆ. ಸುಲಭ ಅಂದರೆ ನನ್ನ ಲೆಕ್ಕದಲ್ಲಿ ಇದೇ.

ಗಾಜಿನ ಅಂಗಡಿಯಲ್ಲಿ ಹೇಳಿ ಮಾಡಿಸುವಾಗ ಹಿಂಭಾಗದಲ್ಲಿ ನಾಲ್ಕು ಇಂಚು ಬಿಟ್ಟು ಒಂದು ಅಡ್ಡಗಾಜು ಹಾಕಿಸಿದೆ. ಸಂಪ್ ಬೇಡ. ಫಿಲ್ಟರ್, ಹೀಟರ್, ಪಂಪ್ ಎಲ್ಲ ಅದರ ಹಿಂದೆ. ನೀರು ಇಳಿಯುವುದು ಪಂಪ್ ಇರುವ ಆ ಕಡೆ ಮಾತ್ರ, ಸೆನ್ಸರ್ ಅಲ್ಲೇ ಕೂತಿದೆ. ಪಕ್ಕದಲ್ಲಿ 15 ಲೀಟರಿನ ಕ್ಯಾನ್. ಫ್ಯಾನ್ ತಿರುಗುವ ಕಡು ಬೇಸಿಗೆಯಲ್ಲಿ ಅದು ಐದು ದಿನ ಬರುತ್ತದೆ, ಮಳೆಗಾಲದಲ್ಲಿ ವಾರಕ್ಕೂ ಮೇಲೆ. ನೀರು ತಣಿಸುವ ಚಿಲ್ಲರ್ ಇಲ್ಲ. ಮಾರ್ಚ್‌ನಿಂದ ಮೇವರೆಗೆ ಒಂದು ಪುಟ್ಟ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ, ನಮ್ಮೂರಿನ ಹವೆಗೆ ಅಷ್ಟು ಸಾಕು. ಮಂಗಳೂರಿನ ಸೆಕೆಯಲ್ಲಿ ಫ್ಯಾನಿಗೆ ಇಷ್ಟು ಶಕ್ತಿ ಇರಲ್ಲ, ಗಾಳಿಯಲ್ಲೇ ನೀರು ತುಂಬಿರುತ್ತದಲ್ಲ. ಕರೆಂಟ್ ಹೋದರೆ ಅಲೆ ಎಬ್ಬಿಸುವ ಪಂಪ್ ಒಂದನ್ನು ಮಾತ್ರ ಮನೆಯ ಯುಪಿಎಸ್ ಎಳೆಯುತ್ತದೆ.

ಈ ಅಳತೆ ನನಗೆ ಸಾಕಾಗಲು ಒಳಗೆ ಏನಿದೆ ಅನ್ನೋದೂ ಕಾರಣ. ರೀಫ್ ಕಟ್ಟುವ ಗಟ್ಟಿ ಹವಳಗಳು ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಸಮುದ್ರದಿಂದ ಕಿತ್ತು ತಂದ ಹವಳದ ಕಲ್ಲನ್ನೂ ನಾನು ಮುಟ್ಟಲ್ಲ. ನೇತ್ರಾಣಿಯಲ್ಲಿ ಅವನ್ನು ಬದುಕಿರುವ ಜಾಗದಲ್ಲೇ ನೋಡಿದ್ದೇನೆ, ಅವು ಅಲ್ಲೇ ಇರಲಿ. ನನ್ನ ಹತ್ತಿರ ಇರೋದು ಮೆದು ಹವಳಗಳು: ಜೊವಾಂಥಿಡ್, ಮಶ್ರೂಮ್, ಒಂದು ಲೆದರ್. ಎಲ್ಲ ಗೆಳೆಯರ ಟ್ಯಾಂಕಿನಲ್ಲಿ ಬೆಳೆದು ಕತ್ತರಿಸಿ ಕೊಟ್ಟ ತುಂಡುಗಳು. ಇವು ಗಟ್ಟಿ ಹವಳಗಳಷ್ಟು ಕ್ಯಾಲ್ಸಿಯಂ ತಿನ್ನಲ್ಲ. ವಾರದ ಹೊಸ ನೀರಿನಲ್ಲಿ ಬರುವುದೇ ಸಾಕು, ಬೇರೆಯಾಗಿ ಕ್ಯಾಲ್ಸಿಯಂ ಹಾಕಲ್ಲ. ಮೀನು ಮೂರೇ: ಆ ಕ್ಲೌನ್ ಜೋಡಿ, ಒಂದು ಗೋಬಿ. ಕ್ಲೌನ್ ಮೀನನ್ನು ಸಾಕಣೆಯಲ್ಲೇ ಮರಿ ಮಾಡಿಸಬಹುದು, ಹಾಗೆ ಬೆಳೆದ ಮೀನನ್ನೇ ಕೇಳಿ ತನ್ನಿ. ನೀಲಿ ಟ್ಯಾಂಗ್ ಮೇಲೆ ಮಗಳಿಗೆ ತುಂಬ ಆಸೆ. ಅದು ಒಂದಡಿ ಹತ್ತಿರ ಬೆಳೆಯುವ, ದಿನವಿಡೀ ಈಜುವ ಮೀನು. ಎರಡು ಅಡಿಯಲ್ಲಿ ಅದನ್ನು ಇಡುವುದು ಹಿಂಸೆ. ಬೇಡ ಅಂದೆ, ಯಾಕೆ ಅಂತಲೂ ಹೇಳಿದೆ.

ಶುಕ್ರವಾರ ರಾತ್ರಿ ಹತ್ತು ಲೀಟರ್ ನೀರಿಗೆ 350 ಗ್ರಾಂ ಉಪ್ಪನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಾಕುತ್ತೇನೆ. ಪುಟ್ಟ ಪಂಪ್ ರಾತ್ರಿಯೆಲ್ಲ ಕಲಕುತ್ತಿರುತ್ತದೆ. ಬೆಳಿಗ್ಗೆ 35 ಇದೆಯಾ ಅಂತ ನೋಡಿ, ಬೇಕಿದ್ದರೆ ಚಿಟಿಕೆ ಸೇರಿಸುತ್ತೇನೆ. ಗಾಜು ಒರೆಸಿ, ಪೈಪಿನಲ್ಲಿ ಮರಳಿನ ಮೇಲಿನ ಕಸದ ಜೊತೆ ಒಂದು ಬಕೆಟ್ ಎಳೆದು, ಹೊಸದನ್ನು ನಿಧಾನಕ್ಕೆ ಬಿಡುತ್ತೇನೆ. ಹೆಣ್ಣು ಕ್ಲೌನ್ ಬಂದು ಕೈಗೆ ಕಚ್ಚುತ್ತದೆ, ಲೆದರ್ ಹವಳ ಅದರ ಮನೆ. ಕಾಫಿ ಆರುವ ಮುಂಚೆ ಅಲ್ಲದಿದ್ದರೂ ತಿಂಡಿ ಆಗುವ ಮುಂಚೆ ಕೆಲಸ ಮುಗಿದಿರುತ್ತದೆ. ಕಳೆದ ದಸರಾ ರಜೆಯಲ್ಲಿ ನಾಲ್ಕು ದಿನ ಸಾಗರಕ್ಕೆ ಹೋಗಿ ಬಂದೆವು. ಚಪ್ಪಲಿ ಬಿಡುವ ಮುಂಚೆ ಹೋಗಿ ನೋಡಿದೆ. ಕ್ಯಾನಿನಲ್ಲಿ ಇನ್ನೂ ಅರ್ಧ ನೀರಿತ್ತು, ಜೊವಾಂಥಿಡ್‌ಗಳೆಲ್ಲ ಅರಳಿದ್ದವು, ಗೆರೆ 35ರ ಮೇಲೇ ಇತ್ತು.