ರ್‍ಯಾಮ್ ತರುವ ಮುನ್ನ ಬೋರ್ಡಿನ ಹೆಸರು ಬರೆದುಕೊಳ್ಳಿ

ಕಂಪ್ಯೂಟರ್ ನಿಧಾನ ಆಯಿತು ಅಂದ ಕೂಡಲೇ ಜನ ರ್‍ಯಾಮ್ (ಮೆಮೊರಿ) ತರಲು ಅಂಗಡಿಗೆ ಹೊರಡುತ್ತಾರೆ. "ಎಷ್ಟು ಜಿಬಿ?" ಎಂದು ಕೇಳಿದರೆ "ಹದಿನಾರು" ಅನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಅಕ್ಕನ ಮಗ ಹೀಗೇ ಒಂದು ಡಿಡಿಆರ್4 ಸ್ಟಿಕ್ (ಹಳೆಯ ತಲೆಮಾರಿನ ರ್‍ಯಾಮ್ ಪಟ್ಟಿ) ತಂದು, ಮದರ್‌ಬೋರ್ಡಿನ ಡಿಡಿಆರ್5 (ಹೊಸ ತಲೆಮಾರಿನ) ಸ್ಲಾಟಿನ ಮೇಲೆ ಇಟ್ಟು ಎರಡೂ ಹೆಬ್ಬೆರಳಲ್ಲಿ ಒತ್ತುತ್ತಿದ್ದ. ಕೈ ಹಿಡಿದು ನಿಲ್ಲಿಸಿದೆ. ಎರಡಕ್ಕೂ 288 ಪಿನ್, ಉದ್ದವೂ ಒಂದೇ. ಆದರೆ ಕೆಳಗಿನ ಕಚ್ಚು ಸ್ವಲ್ಪ ಆಚೀಚೆ ಇರುತ್ತದೆ. ಇನ್ನೊಂದು ಸಲ ಒತ್ತಿದ್ದರೆ ಸ್ಲಾಟೇ ಬಿರುಕು ಬಿಡುತ್ತಿತ್ತು.

1. ಬೋರ್ಡಿನ ಪೂರ್ತಿ ಹೆಸರು. ವಿಂಡೋಸ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದು 'ಬೇಸ್‌ಬೋರ್ಡ್ ಪ್ರಾಡಕ್ಟ್' ಸಾಲು ನೋಡಿ. ಕೊನೆಯ ಅಕ್ಷರದವರೆಗೂ ಬರೆದುಕೊಳ್ಳಿ. ಯಾಕೆಂದರೆ ಇಂಟೆಲ್‌ನ ಬಿ660, ಬಿ760 ಬೋರ್ಡುಗಳು ಎರಡೂ ಬಗೆಯಲ್ಲಿ ಬಂದಿವೆ. ಹೆಸರಿನ ಕೊನೆಯ 'ಡಿ4' (ಡಿಡಿಆರ್4) ನೋಡದೆ ಕೊಂಡವರೇ ಜಾಸ್ತಿ ಮೋಸ ಹೋಗುವುದು. ಎಎಮ್‌ಡಿಯಲ್ಲಿ ಈ ಗೊಂದಲವಿಲ್ಲ. ಎಎಮ್4 ಬೋರ್ಡಿಗೆ ಡಿಡಿಆರ್4, ಎಎಮ್5 ಬೋರ್ಡಿಗೆ ಡಿಡಿಆರ್5, ಅಷ್ಟೇ.

2. ವೇಗ. ಎಲ್ಲರೂ ಎಡವುವುದು ಇಲ್ಲೇ. ಡಿಡಿಆರ್4 ಡಬ್ಬಿಯ ಮೇಲೆ 3600 ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ಎಕ್ಸ್‌ಎಂಪಿ ವೇಗ, ಅಂದರೆ ಸ್ಟಿಕ್ಕಿನಲ್ಲೇ ಬರೆದಿಟ್ಟ ಓವರ್‌ಕ್ಲಾಕ್ (ಸಹಜಕ್ಕಿಂತ ಹೆಚ್ಚಿನ) ವೇಗ. ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟಕ್ಕೆ) ಹೋಗಿ ಆನ್ ಮಾಡಿದರೆ ಮಾತ್ರ ಸಿಗುತ್ತದೆ. ಆನ್ ಮಾಡದಿದ್ದರೆ ಅದೇ ಸ್ಟಿಕ್ 2133ರಲ್ಲೋ 2666ರಲ್ಲೋ ಓಡುತ್ತಿರುತ್ತದೆ. ಎಚ್610ರಂಥ ಅಗ್ಗದ ಬೋರ್ಡಿನಲ್ಲಿ ರ್‍ಯಾಮ್ ಓವರ್‌ಕ್ಲಾಕ್ ಇಲ್ಲವೇ ಇಲ್ಲ. ಅಂದರೆ ಜಾಸ್ತಿ ದುಡ್ಡು ಕೊಟ್ಟು ಕಡಿಮೆ ವೇಗ ತಂದಂತೆ, ಅಲ್ವಾ? ಅಂಥ ಬೋರ್ಡಿಗೆ ಸ್ಟಿಕ್ಕಿನ ಚೀಟಿಯಲ್ಲಿ ವೋಲ್ಟ್ ಓದಿ. 3200 ಪಕ್ಕದಲ್ಲಿ 1.2 ವೋಲ್ಟ್ ಇದ್ದರೆ ಸಾಮಾನ್ಯವಾಗಿ ಅದು ಸ್ಟಿಕ್ಕಿನ ಸಹಜ ವೇಗ, ಏನೂ ಮಾಡದೆ ಸಿಗುತ್ತದೆ. 1.35 ಇದ್ದರೆ ಅದು ಎಕ್ಸ್‌ಎಂಪಿ ಲೆಕ್ಕ, ಮುಟ್ಟಬೇಡಿ.

ಹಳೆಯ ಸ್ಟಿಕ್ ಜೊತೆ ಹೊಸದು ಸೇರಿಸಿದರೆ ಎರಡೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ. ಹೊಂದದೆ ಹ್ಯಾಂಗ್ ಆಗುವುದೂ ಉಂಟು. ನನ್ನ ಮಾತು ಕೇಳಿ, ಒಂದೇ ಪ್ಯಾಕೆಟ್ಟಿನ ಜೋಡಿ ಕೊಳ್ಳಿ. 16 ಜಿಬಿಯ ಒಂದಕ್ಕಿಂತ 8ರ ಎರಡು ಒಳ್ಳೆಯದು. ಬೋರ್ಡ್ ಕಂಪನಿಯ ಜಾಲತಾಣದಲ್ಲಿ ಪರೀಕ್ಷಿಸಿದ ರ್‍ಯಾಮ್‌ಗಳ ಪಟ್ಟಿ ಇರುತ್ತದೆ. ಅದರಲ್ಲಿ ಇರುವುದನ್ನೇ ತನ್ನಿ.

'ಎಎಮ್‌ಡಿಗೆ ಮಾತ್ರ' ಎಂದು ಅಗ್ಗಕ್ಕೆ ಮಾರುವ ಸ್ಟಿಕ್ ಬೇಡವೇ ಬೇಡ. ಬಣ್ಣದ ದೀಪಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಸ್ಟಿಕ್ಕಿಗೆ ಎತ್ತರದ ಹೊದಿಕೆ ಇದ್ದರೆ ಪ್ರೊಸೆಸರ್ ಫ್ಯಾನಿಗೆ ತಾಗಬಹುದು.

3. ಕೂರಿಸುವುದು. ಪವರ್ ತೆಗೆದು, ಕಚ್ಚು ನೋಡಿ, ಕ್ಲಿಪ್ 'ಟಕ್' ಅನ್ನುವವರೆಗೆ ಒತ್ತಿ. ನಾಲ್ಕು ಸ್ಲಾಟ್ ಇದ್ದರೆ ಜೋಡಿಯನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದಕ್ಕೆ ಹಾಕಿ.

4. ಮೊದಲ ಸಲ ಆನ್ ಮಾಡಿದಾಗ. ಡಿಡಿಆರ್5 ಆದರೆ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡ್ ರ್‍ಯಾಮ್‌ಗೆ ಹೊಂದಿಕೊಳ್ಳುತ್ತಿರುತ್ತದೆ. ಕೆಟ್ಟಿತು ಅಂತ ಗಾಬರಿಯಾಗಿ ಸ್ವಿಚ್ ಆರಿಸಬೇಡಿ, ಕಾಯಿರಿ. ಆಮೇಲೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿ, 'ಸ್ಪೀಡ್' ನೋಡಿ. ನೀವು ದುಡ್ಡು ಕೊಟ್ಟ ಸಂಖ್ಯೆ ಅಲ್ಲಿ ಇಲ್ಲದಿದ್ದರೆ ಬಯೋಸ್‌ಗೆ ವಾಪಸ್ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ. ಎಎಮ್5 ಬೋರ್ಡಿನಲ್ಲಿ ಅದರ ಹೆಸರು ಎಕ್ಸ್‌ಪೋ ಎಂದೂ ಇರುತ್ತದೆ.