ಹಸಿ ಕಸವನ್ನು ಮನೆಯಲ್ಲೇ ಗೊಬ್ಬರವಾಗಿಸುವುದು: ದಾವಣಗೆರೆಯ ಹವೆಗೆ ಹೊಂದುವ ಕ್ರಮ

ಮನೆಯಲ್ಲಿ ಗೊಬ್ಬರ ಮಾಡಲು ಹೊರಟು ನಡುವೆಯೇ ಕೈಬಿಟ್ಟವರನ್ನು ವಿಚಾರಿಸಿದರೆ, ದುರ್ವಾಸನೆ ಮತ್ತು ಹುಳು ಎಂಬ ಎರಡೇ ಕಾರಣಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಹಸಿ ಕಸಕ್ಕೆ ಬೆರೆಸಬೇಕಾದ ಒಣ ಪದಾರ್ಥ ಸಾಲದೆ ಹೋದಾಗ ಇವೆರಡೂ ತಲೆದೋರುತ್ತವೆ. ಆದ್ದರಿಂದ ಡ್ರಮ್ಮು ಕೊಳ್ಳುವ ಮೊದಲು ಎರಡು ಗೋಣಿಚೀಲ ತರಗೆಲೆ ಕೂಡಿಡಬೇಕು.

ಶಿವರಾತ್ರಿಯ ಆಸುಪಾಸಿನಲ್ಲಿ ನಮ್ಮ ಬೀದಿಗಳ ಹೊಂಗೆ, ಬೇವಿನ ಮರಗಳು ಎಲೆ ಉದುರಿಸುತ್ತವೆ. ಅದನ್ನು ಗುಡಿಸಿ ಮೂಲೆಯಲ್ಲಿ ಬೆಂಕಿಯಿಡುವ ಅಭ್ಯಾಸ ಇನ್ನೂ ಹೋಗಿಲ್ಲವೆಂಬುದು ಬೇಸರದ ಸಂಗತಿ; ಆ ಒಂದು ತಿಂಗಳಲ್ಲಿ ತುಂಬಿಟ್ಟ ಚೀಲಗಳೇ ಮಳೆಗಾಲವಿಡೀ ಕೈಹಿಡಿಯುತ್ತವೆ. ರೈತರು ಹಸಿರೆಲೆ ಗೊಬ್ಬರಕ್ಕೆ ಬಳಸುತ್ತ ಬಂದಿರುವ ಹೊಂಗೆಯ ಎಲೆ ಬೇಗ ಕೊಳೆಯುತ್ತದೆ. ತೇಗದಂಥ ಅಗಲ ಎಲೆಯನ್ನು ಪುಡಿಮಾಡಿ ಹಾಕಬೇಕು. ಭದ್ರಾ ಅಚ್ಚುಕಟ್ಟಿನ ಭತ್ತದಿಂದಾಗಿ ಇಲ್ಲಿ ಅಕ್ಕಿ ಗಿರಣಿಗಳ ಹೊಟ್ಟು ಸುಲಭವಾಗಿ ದೊರೆಯುವುದರಿಂದ ಹಲವರು ಅದನ್ನೇ ನಂಬಿಕೊಳ್ಳುತ್ತಾರೆ. ಆದರೆ ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೆಚ್ಚಾಗಿರುವುದರಿಂದ ಅದು ತಿಂಗಳುಗಟ್ಟಲೆ ಕೊಳೆಯದೆ ಹಾಗೆಯೇ ಉಳಿಯುತ್ತದೆ. ರಾಶಿಯೊಳಗೆ ಗಾಳಿಯಾಡಲು ಒಂದೆರಡು ಹಿಡಿ ಬೆರೆಸಬಹುದೇ ಹೊರತು ಎಲೆಯ ಬದಲಿಗೆ ಅದನ್ನು ಬಳಸಲಾಗದು. ತೆಂಗಿನ ನಾರಿನ ಪುಡಿಯೂ ಅಷ್ಟೆ. ನೀರನ್ನು ಚೆನ್ನಾಗಿ ಹೀರುತ್ತದೆ, ಆದರೆ ಕೊಳೆಯುವುದು ಬಹಳ ನಿಧಾನ.

ನಾಲ್ಕು ಜನರ ಮನೆಗೆ 40ರಿಂದ 50 ಲೀಟರ್ ಹಿಡಿಸುವ, ಮುಚ್ಚಳವಿರುವ ಎರಡು ಡ್ರಮ್ಮುಗಳು ಸಾಕು. ಕಾಯಿಸಿದ ಮೊಳೆಯಿಂದ ಸುತ್ತಲೂ ಗೇಣಿಗೊಂದರಂತೆ, ತಳದಲ್ಲಿ ಏಳೆಂಟು ತೂತುಗಳನ್ನು ಮಾಡಿ, ನೆರಳಿನಲ್ಲಿ ಇಟ್ಟಿಗೆಗಳ ಮೇಲಿರಿಸಿ, ಕೆಳಗೊಂದು ಹಳೆಯ ತಟ್ಟೆ ಇಡಬೇಕು. ತಳಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹರಡಿ, ಅದರ ಮೇಲೆ ಒಂದು ಹಿಡಿ ಹಳೆಯ ಗೊಬ್ಬರವನ್ನೋ ಸಗಣಿಯ ಬಗ್ಗಡವನ್ನೋ ಹಾಕಿದರೆ ಸೂಕ್ಷ್ಮಜೀವಿಗಳಿಗೆ ಹೆಪ್ಪು ಹಾಕಿದಂತಾಗುತ್ತದೆ. ಬಳಿಕ ದಿನದ ಸಿಪ್ಪೆ, ಸೊಪ್ಪಿನ ದಂಟು, ಸೋಸಿದ ಚಹಾ ಪುಡಿ, ದೇವರ ಮನೆಯ ಬಾಡಿದ ಹೂವುಗಳನ್ನು (ದಾರ ಬಿಡಿಸಿ) ಸಣ್ಣಗೆ ಕತ್ತರಿಸಿ ಹಾಕಿ, ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲಿನಷ್ಟು ಎಲೆಯನ್ನು ಪ್ರತಿ ಬಾರಿಯೂ ಮುಚ್ಚಬೇಕು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲವಿದ್ದಾಗ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ಅಡುಗೆಮನೆಯ ಕಸದಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು.

ಮೂರು ದಿನಕ್ಕೊಮ್ಮೆ ಕೋಲಿನಿಂದ ಮಗುಚುವಾಗ ಒಂದು ಹಿಡಿ ತೆಗೆದು ಹಿಂಡಿ ನೋಡಬೇಕು. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಹದ ಸರಿಯಾಗಿದೆ. ನೀರು ಧಾರೆಯಾಗಿ ಇಳಿದರೆ ಎಲೆ ಸಾಲದು. ಉಂಡೆ ಕಟ್ಟದೆ ಉದುರಿದರೆ ತೇವ ಸಾಲದು. ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ ಈ ಮೂರನೆಯ ತೊಂದರೆಯೇ ಹೆಚ್ಚು. ರಾಶಿ ಒಣಗಿದರೆ ವಾಸನೆ ಬಾರದಿರುವುದರಿಂದ ಎಲ್ಲವೂ ಸರಿಯಿದೆ ಎಂದೇ ತೋರುತ್ತದೆ, ಆದರೆ ಒಳಗೆ ಕೊಳೆಯುವ ಕೆಲಸ ನಿಂತಿರುತ್ತದೆ. ಆಗ ಅಕ್ಕಿ ತೊಳೆದ ನೀರನ್ನೋ ನೀರು ಬೆರೆಸಿದ ಹುಳಿ ಮಜ್ಜಿಗೆಯನ್ನೋ ಚಿಮುಕಿಸಬೇಕು.

ಮೊದಲ ಸಲ ನಾನು ಮಾಡಿದ ತಪ್ಪೆಂದರೆ, ಹಬ್ಬದ ಮರುದಿನ ಮಿಕ್ಕ ಅನ್ನ, ಸಾರು, ಪಲ್ಯವನ್ನೆಲ್ಲ ಒಟ್ಟಿಗೆ ಸುರಿದದ್ದು. ಮೂರನೆಯ ದಿನಕ್ಕೆ ಪಕ್ಕದ ಮನೆಯ ಅಜ್ಜಿ, "ಏನಪ್ಪಾ, ಇಲಿ ಸತ್ತೈತೇನು?" ಎಂದು ಕೇಳಿದ್ದರು. ಬೇಯಿಸಿದ ಅನ್ನ ಅಂಟಾಗಿ ಮುದ್ದೆಗಟ್ಟಿ ಗಾಳಿಯನ್ನು ತಡೆಯುತ್ತದೆ. ಎಣ್ಣೆ, ಮಾಂಸ, ಮೂಳೆಗಳು ಇಲಿಯನ್ನು ಕರೆಯುತ್ತವೆ. ಅನ್ನ ಹಾಕಲೇಬೇಕಾದರೆ ಒಂದು ಹಿಡಿ ಮೀರದಂತೆ ಎಲೆಯಲ್ಲಿ ಕಲೆಸಿ ಹಾಕಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದೆಂದು ಮಗುಚಬೇಕು. ಮೂಗಿಗೆ ಕಟುವಾಗಿ ಅಡರುವ ಅಮೋನಿಯಾದ ವಾಸನೆಗೆ ಎಲೆಯೇ ಮದ್ದು.

ಉಳಿದ ಕಸದ ಮಾತು ಚಿಕ್ಕದು. ಒಣ ಕಸವನ್ನು ಒದ್ದೆಯಾಗದಂತೆ ಬೇರೆಯೇ ಇಡಬೇಕು. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ತುಂಡಾಗಿ ಬೀಳದಂತೆ ಅರ್ಧ ಮಾತ್ರ ಕತ್ತರಿಸಿ, ತೊಳೆದು, ಒಣಗಿಸಿ ಕೂಡಿಟ್ಟರೆ ಗುಜರಿಯವರು ಕೊಳ್ಳುತ್ತಾರೆ. ಬೇರೆಯಾದ ಆ ಸಣ್ಣ ಮೂಲೆಯನ್ನು ಯಾರೂ ಆಯುವುದಿಲ್ಲ. ಮಂಡಕ್ಕಿ–ಮಿರ್ಚಿ ಕಟ್ಟಿಸಿಕೊಂಡು ಬಂದ, ಎಣ್ಣೆ ಕುಡಿದ ಕಾಗದ ರದ್ದಿಗೆ ಬಾರದು. ಬಳಸಿದ ಪ್ಯಾಡು, ಡೈಪರುಗಳನ್ನು ಕಾಗದದಲ್ಲಿ ಸುತ್ತಿ ಗುರುತು ಹಾಕಿ, ಬ್ಯಾಟರಿ, ಬಲ್ಬು, ಅವಧಿ ಮೀರಿದ ಔಷಧಿಗಳನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಕಸದ ಗಾಡಿಯವರ ಕೈಗೆ ಬೇರೆಯಾಗಿಯೇ ಕೊಡಬೇಕು.

ಮೊದಲ ಡ್ರಮ್ಮು ತುಂಬಿದ ಮೇಲೆ ಅದಕ್ಕೆ ಹೊಸ ಕಸ ಹಾಕದೆ, ಆಗಾಗ ಮಗುಚುತ್ತ 45ರಿಂದ 60 ದಿನ ಬಿಟ್ಟು, ಅಷ್ಟರಲ್ಲಿ ಎರಡನೆಯದನ್ನು ತುಂಬಿಸಬೇಕು. ಕಪ್ಪಗೆ ಪುಡಿಪುಡಿಯಾಗಿ, ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ ಬಂದಾಗ ಜರಡಿ ಹಿಡಿದು, ಕುಂಡದಲ್ಲಿ ಎರಡು ಪಾಲು ಮಣ್ಣಿಗೆ ಒಂದು ಪಾಲಿನಂತೆ ಬೆರೆಸಬಹುದು. ನೀರು ನಿಲ್ಲಿಸಿಕೊಂಡು ಬಿಗಿಯುವ ಎರೆಮಣ್ಣಾದರೆ ಸಡಿಲಗೊಳ್ಳಲು ಇನ್ನಷ್ಟು ಬೇಕಾಗುತ್ತದೆ. ಜರಡಿಯಲ್ಲಿ ಉಳಿದ ತೊಟ್ಟು, ದಂಟುಗಳನ್ನು ಎಸೆಯದೆ ಮುಂದಿನ ಡ್ರಮ್ಮಿನ ತಳಕ್ಕೆ ಹಾಕಿದರೆ ಸಗಣಿ ಹುಡುಕುವ ಅಗತ್ಯವಿರುವುದಿಲ್ಲ.