ಮೂರನೇ ಸಲ ಕೋಚಿಂಗ್ ಆರಿಸಿದ್ದು ಹೀಗೆ

ಕೊನೆಗೂ ಎಸ್‌ಡಿಎ (ಸರ್ಕಾರಿ ದ್ವಿತೀಯ ದರ್ಜೆ ಸಹಾಯಕ ಹುದ್ದೆ) ಆಯ್ತು. ‘ಮನೆಯಲ್ಲಿ ಕೂತು ಯಾರಿಗೆ ಆಗಿದೆ?’ ಅಂದಿದ್ದ ಸೋದರಮಾವನೇ ಕೊಪ್ಪಳದಲ್ಲಿ ಪೇಡೆ ಹಂಚಿದರು. ಅದಕ್ಕೇ ಬರೆಯುವ ಧೈರ್ಯ ಬಂತು.

ಮೊದಲು ಕೋಚಿಂಗ್‌ಗೆ ಹೋಗಿದ್ದು ಎಲ್ಲರ ಹಾಗೆ ಧಾರವಾಡದ ಸಪ್ತಾಪುರಕ್ಕೆ. ಫೀ 15 ಸಾವಿರದ ಹತ್ತಿರ, ರೂಮು ಮೆಸ್ಸು ತಿಂಗಳಿಗೆ ಆರು ಸಾವಿರ ಇರಬೇಕು. ಹಾಲ್‌ನಲ್ಲಿ ಇನ್ನೂರು ಜನ. ಸರ್ ಹೇಳೋದು, ನಾವು ಗೀಚೋದು. ನನಗೆ ಕೈ ಓಡಿದರೆ ಕಿವಿ ಕೆಲಸ ಮಾಡುವುದಿಲ್ಲ. ಏಳು ನೋಟ್‌ಬುಕ್ ತುಂಬಿತು, ಮಾಕ್ ಟೆಸ್ಟಲ್ಲಿ ಜಿಕೆಗೆ (ಸಾಮಾನ್ಯ ಜ್ಞಾನ) ತಪ್ಪುತ್ತರದ ನೆಗೆಟಿವ್ ಅಂಕ ಕಳೆದು 41. ಆಮೇಲೆ ಬೆಂಗಳೂರಿನ ವಿಜಯನಗರ. ಅಲ್ಲಿ ಎರಡೇ ತಿಂಗಳು, ರೂಮಿನ ಅಡ್ವಾನ್ಸೂ ವಾಪಸ್ ಬರಲಿಲ್ಲ. ಒಟ್ಟು ಎಪ್ಪತ್ತು ಸಾವಿರ ಹೋಯಿತು. ಅದರಲ್ಲಿ ಅವ್ವನ ಎಮ್ಮೆ ಮಾರಿದ ದುಡ್ಡೂ ಇತ್ತು.

ಮೂರನೇ ಸಲ ಫೀ ಕಟ್ಟಲು ಅವಸರ ಮಾಡಲಿಲ್ಲ. ನಾಲ್ಕು ಕಡೆ ಡೆಮೊ ಕ್ಲಾಸ್ ಕೇಳಿದೆ, ಎರಡು ಆನ್‌ಲೈನು. ಎಲ್ಲಿಯೂ ಪೆನ್ನು ಮುಟ್ಟಲಿಲ್ಲ. ಎರಡು ದಿನ ಬಿಟ್ಟು ಹಳೇ ಪೇಪರಿನಿಂದ ಅದೇ ಪಾಠದ ಹತ್ತು ಪ್ರಶ್ನೆ ಬಿಡಿಸಿದೆ. ಹೆಸರುವಾಸಿ ಕಡೆ ಮೂರು ಸರಿ. ಯಾರಿಗೂ ಗೊತ್ತಿಲ್ಲದ ಒಂದು ಆಡಿಯೊ ಕೋರ್ಸಿನಲ್ಲಿ ಎಂಟು! ಎರಡೂವರೆ ಸಾವಿರಕ್ಕೆ ಅದು, ಜೊತೆಗೆ ಬೇರೆ ಕಡೆಯ ಟೆಸ್ಟ್ ಸೀರೀಸ್ ಎಂಟುನೂರಕ್ಕೆ. ಹಳೇ ರೂಮ್‌ಮೇಟ್‌ಗಳು ನಕ್ಕರು.

ಬೆಳಿಗ್ಗೆ ಕೇಳಿದ್ದನ್ನು ಸಂಜೆ ಅವ್ವನಿಗೆ ಹೇಳಬೇಕು. ಅವಳು ರೊಟ್ಟಿ ಬಡಿಯುತ್ತಾ ‘ನಮ್ಮ ಭಾಗಕ್ಕೆ ಅದು ಹೆಂಗ ಬಂತು?’ ಅಂತ ಕೇಳಿದಳು ನೋಡಿ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ಜೆ ವಿಧಿ, ಅದನ್ನು ತಂದ 98ನೇ ತಿದ್ದುಪಡಿ ಮತ್ತೆ ಮರೆಯಲೇ ಇಲ್ಲ. ತಪ್ಪಾದ ಪ್ರಶ್ನೆಗಳನ್ನು ಮೂರು ಗುಂಪು ಮಾಡುತ್ತಿದ್ದೆ. ಯಾವ ಗುಂಪು ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಬಣ್ಣದ ಪೆನ್ನಿನಲ್ಲಿ ಮೈಂಡ್ ಮ್ಯಾಪ್ ಬರೆದೆ. ಚಿತ್ರ ಚೆನ್ನಾಗಿ ಬಂತು, ಅಂಕ ಬರಲಿಲ್ಲ. ಊಹೆಯನ್ನೂ ಅಳೆದು ನೋಡಿದೆ. ತಪ್ಪಾದರೆ ಕಾಲು ಅಂಕ ಕಳೆದರೂ, ಎರಡು ಆಯ್ಕೆಗೆ ಇಳಿದ ಮೇಲೆ ಬಿಟ್ಟು ಬರುವುದೇ ನಷ್ಟ. ಬರೀ ಇದರಿಂದಲೇ ನಾಲ್ಕೈದು ಅಂಕ ಏರಿತು. ಜಿಕೆ ಎಪ್ಪತ್ತು ದಾಟಿತು.

ಈಗ ಮಾವನ ಮಗಳು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುತ್ತಿದ್ದಾಳೆ. ನನ್ನ ಆಡಿಯೊ ಹಾಕಿದರೆ ಹತ್ತು ನಿಮಿಷಕ್ಕೆ ನಿದ್ದೆ. ಅವಳಿಗೆ ಬರೆದರೇ ತಲೆಗೆ ಹೋಗೋದು. ಅದೇ ಸಪ್ತಾಪುರದ ಅದೇ ಹಾಲ್‌ಗೆ ಸೇರಿಸಿ ಬಂದೆ. ಏಳು ನೋಟ್‌ಬುಕ್ಕೂ ಅವಳಿಗೇ ಕೊಟ್ಟೆ.